‘ನಿಮ್ಮ ಓದು ಜಾಸ್ತಿ ಆಯ್ತು’ ಅಂದರೆ ಅವರು ಹೇಳುತ್ತಿರುವುದೇನು?

ಪ್ರಶ್ನೆ: ನನಗೆ 24 ವರ್ಷ. ಊರು ಮಂಡ್ಯದ ಹತ್ತಿರ ಒಂದು ಹಳ್ಳಿ. ಮಂಡ್ಯದಲ್ಲಿ ಬಿ.ಎಸ್ಸಿ ಮಾಡಿ, ಆಮೇಲೆ ಮಾನಸಗಂಗೋತ್ರಿಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ ಮುಗಿಸಿ ಹತ್ತು ತಿಂಗಳಾಯ್ತು. ಅಪ್ಪನದು ಎರಡು ಎಕರೆ ಕಬ್ಬು. ನಂಜನಗೂಡಿನ ಒಂದು ಔಷಧಿ ಕಂಪನಿಗೆ ಟ್ರೈನಿ ಕೆಮಿಸ್ಟ್ ಕೆಲಸಕ್ಕೆ ಹೋದೆ. ‘ಇದು ಬಿ.ಎಸ್ಸಿ ಪೋಸ್ಟು, ನಿಮ್ಮ ಓದು ಜಾಸ್ತಿ ಆಯ್ತು’ ಅಂದರು. ಮೈಸೂರಿನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲೂ ಅದೇ ಮಾತು. ಕೊನೆಗೆ ಮಂಡ್ಯದಲ್ಲೇ ಒಂದು ರಕ್ತಪರೀಕ್ಷೆ ಲ್ಯಾಬಿನ ಕೌಂಟರ್ ಕೆಲಸ ಕೇಳಿದರೆ, ‘ಎಂ.ಎಸ್ಸಿ ಮಾಡ್ಕೊಂಡು ಬಿಲ್ ಹರಿಯೋಕೆ ಬರ್ತೀಯೇನಮ್ಮ?’ ಅಂತ ಮಾಲೀಕರು ನಕ್ಕರು. ಎಂ.ಎಸ್ಸಿ ಬೇಕು ಅನ್ನೋ ಕಡೆ ಎರಡು ವರ್ಷ ಅನುಭವ ಕೇಳುತ್ತಾರೆ. ರೆಸ್ಯೂಮೆಯಿಂದ ಎಂ.ಎಸ್ಸಿ ತೆಗೆದುಹಾಕು ಅಂತಾಳೆ ಗೆಳತಿ. ಬಿ.ಎಡ್ ಸೇರು ಅಂತಾರೆ ಅಮ್ಮ. ಏನು ಮಾಡಲಿ?

ಉತ್ತರ: ಮೊದಲು ಒಂದು ತಪ್ಪೊಪ್ಪಿಗೆ. ನೀವು ಕೇಳಿಸಿಕೊಂಡ ಆ ಮಾತನ್ನು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಮೈಸೂರಿನ ಒಂದು ಕಾರ್ಖಾನೆಯಲ್ಲಿ 21 ವರ್ಷ ನೇಮಕಾತಿ ನೋಡಿಕೊಳ್ಳುತ್ತಿದ್ದೆ. ‘ಪರ್ಸನಲ್ ಡಿಪಾರ್ಟ್‌ಮೆಂಟ್’ ಅನ್ನುತ್ತಿದ್ದ ಕಾಲದಲ್ಲಿ ಸೇರಿದವನು, ಅದಕ್ಕೆ ಎಚ್‌ಆರ್ ಅಂತ ಹೆಸರು ಬಂದ ಮೇಲೂ ಅಲ್ಲೇ ಇದ್ದೆ. ‘ನಿಮ್ಮ ಓದು ಜಾಸ್ತಿ ಆಯ್ತಮ್ಮ’ ಅನ್ನೋದು ನಮಗೆ ಬಲು ಅನುಕೂಲದ ಮಾತು. ಹೊಗಳಿದ ಹಾಗಿರುತ್ತೆ, ವಾಪಸ್ ಕಳಿಸಿದ ಹಾಗೂ ಆಗುತ್ತೆ. ಎದುರಿಗಿದ್ದವರು ವಾದ ಮಾಡೋಕೂ ಆಗಲ್ಲ. ಓದಿದ್ದು ತಪ್ಪು ಅಂತ ಯಾರಾದರೂ ವಾದ ಮಾಡುತ್ತಾರಾ?

ಆ ಮಾತಿನ ಹಿಂದೆ ಬೇರೆ ಬೇರೆ ಕಾರಣ ಇರುತ್ತವೆ. ನಿಮಗೆ ಮೂರು ಕಡೆ ಹೇಳಿದ್ದು ಒಂದೇ ಮಾತು ಇರಬಹುದು, ಕಾರಣ ಒಂದೇ ಅಂತ ನನಗೆ ಅನ್ನಿಸಲ್ಲ.

ಮೊದಲನೇ ಕಾರಣವೇ ದೊಡ್ಡದು: ಈ ಹುಡುಗಿ ಬಿಟ್ಟು ಹೋಗುತ್ತಾಳೆ ಅನ್ನೋ ಭಯ. ಓದಿನ ಲೆಕ್ಕ ಅಲ್ಲ ಅದು, ದಿನಗಳ ಲೆಕ್ಕ. ಔಷಧಿ ಕಂಪನಿಯ ಲ್ಯಾಬ್‌ಗೆ ಬಂದ ಹೊಸಬರನ್ನು ಮೊದಲ ದಿನವೇ ಮೆಷಿನ್ ಮುಂದೆ ಕೂರಿಸುವುದಿಲ್ಲ. ಮೊದಲು ಸುಮ್ನೆ ಓದಿಸುತ್ತಾರೆ. ಕೆಲಸದ ವಿಧಾನ ಬರೆದಿಟ್ಟ ಕಡತಗಳ ರಾಶಿ ಇರುತ್ತೆ, ಒಂದೊಂದನ್ನೂ ಓದಿ ಸಹಿ ಹಾಕಬೇಕು. ಆಮೇಲೆ ಹಿರಿಯರ ಪಕ್ಕ ನಿಂತು ನೋಡಬೇಕು. ಆಮೇಲೆ ಅವರು ನೋಡುತ್ತಿರುವಾಗ ನಾವು ಮಾಡಬೇಕು. ತಪ್ಪು ಬರೆದರೆ ವೈಟ್‌ನರ್ ಹಚ್ಚುವ ಹಾಗಿಲ್ಲ, ಒಂದೇ ಗೆರೆ ಎಳೆದು ಸಹಿ ಮಾಡಿ ತಾರೀಕು ಹಾಕಬೇಕು. ಇದು ಕೈಗೆ ಹತ್ತೋಕೆ ತಿಂಗಳುಗಳು ಬೇಕು. ಅಷ್ಟೂ ದಿನ ಕಂಪನಿಗೆ ನಿಮ್ಮಿಂದ ಖರ್ಚೇ ಹೊರತು ದುಡಿಮೆ ಇಲ್ಲ. ಕಲಿತು ಕೈಗೆ ಬರುವ ಹೊತ್ತಿಗೆ ನೀವು ಹೊರಟರೆ, ಮತ್ತೆ ಮೊದಲಿಂದ.

ನನಗೆ ಈ ಭಯ ಹತ್ತಿಸಿದವನು ಒಬ್ಬ ಹುಡುಗ. ಎಂ.ಎಸ್ಸಿ, ಒಳ್ಳೆ ಮಾರ್ಕ್ಸು, ಮಾತೂ ಚೆನ್ನಾಗಿತ್ತು. ಬಿ.ಎಸ್ಸಿ ಪೋಸ್ಟಿಗೆ ಹಟ ಹಿಡಿದು ನಾನೇ ತೆಗೆದುಕೊಂಡೆ. 43ನೇ ದಿನ ಮಧ್ಯಾಹ್ನ ಊಟಕ್ಕೆ ಅಂತ ಹೋದವನು ಬರಲಿಲ್ಲ. ಸಂಜೆ ಸೆಕ್ಯುರಿಟಿಯವರು ಅವನ ಸೇಫ್ಟಿ ಶೂ ತಂದು ನನ್ನ ಟೇಬಲ್ ಪಕ್ಕ ಇಟ್ಟರು. ಗೇಟಲ್ಲಿ ಬಿಚ್ಚಿಟ್ಟು, ಚಪ್ಪಲಿ ಹಾಕಿಕೊಂಡು ಹೋಗಿದ್ದ. ಲೇಸನ್ನು ನೀಟಾಗಿ ಕಟ್ಟಿಟ್ಟಿದ್ದ, ಪಾಪ. ಬೆಂಗಳೂರಲ್ಲಿ ಬೇರೆ ಕೆಲಸ ಸಿಕ್ಕಿತ್ತಂತೆ. ಪ್ಲಾಂಟ್ ಹೆಡ್ ನನ್ನನ್ನು ಕರೆದು ಏನಂದರು ಅಂತ ಇಲ್ಲಿ ಬರೆಯೋಲ್ಲ. ಅದಾದ ಮೇಲೆ ಮೂರು ವರ್ಷ ನಾನು ಕೆಳಗಿನ ಪೋಸ್ಟಿಗೆ ಸ್ನಾತಕೋತ್ತರದವರನ್ನು ತೆಗೆದುಕೊಳ್ಳಲೇ ಇಲ್ಲ. ಅವನು ಮಾಡಿದ್ದಕ್ಕೆ ಬೇರೆ ಯಾರ್ಯಾರೋ ದಂಡ ಕಟ್ಟಿದರು. ಇದು ನ್ಯಾಯ ಅಂತ ನಾನು ಹೇಳುತ್ತಿಲ್ಲ. ಹೀಗೆ ನಡೆಯುತ್ತೆ ಅಂತ ಹೇಳುತ್ತಿದ್ದೇನೆ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ನ್ಯೂ ಲಂಡನ್ ಅಂತ ಒಂದು ಸಣ್ಣ ಊರಿದೆ. 1996ರಲ್ಲಿ ಅಲ್ಲಿಯ ಪೊಲೀಸ್ ಕೆಲಸಕ್ಕೆ ಒಬ್ಬರು ಬುದ್ಧಿಶಕ್ತಿಯ ಪರೀಕ್ಷೆ ಬರೆದು 33 ಅಂಕ ತೆಗೆದರು. ಇಲಾಖೆ ಸಂದರ್ಶನಕ್ಕೆ ಕರೆಯುತ್ತಿದ್ದದ್ದು 20ರಿಂದ 27 ಅಂಕದವರನ್ನು. ಇಷ್ಟು ಜಾಣರಿಗೆ ಕಾನ್‌ಸ್ಟೇಬಲ್ ಕೆಲಸ ಬೇಗ ಬೇಜಾರಾಗುತ್ತೆ, ತರಬೇತಿ ಕೊಟ್ಟ ಮೇಲೆ ಬಿಟ್ಟು ಹೋಗುತ್ತಾರೆ ಅನ್ನೋದು ಅವರ ವಾದ. ಆ ಮನುಷ್ಯ ಕೋರ್ಟಿಗೆ ಹೋದರು. 2000ದಲ್ಲಿ ಮೇಲಿನ ಕೋರ್ಟೂ ಇಲಾಖೆಯ ಕಡೆಗೇ ಹೇಳಿತು. ನಮ್ಮ ಮಾಲೀಕರು ‘ಬಿಲ್ ಹರಿಯೋಕೆ ಬರ್ತೀಯೇನಮ್ಮ’ ಅಂತ ನಕ್ಕಿದ್ದನ್ನೇ ಅವರು ಅಂಕ ಹಾಕಿ ಅಚ್ಚುಕಟ್ಟಾಗಿ ಮಾಡಿದರು, ಅಷ್ಟೇ ವ್ಯತ್ಯಾಸ.

ಎರಡನೇ ಕಾರಣ ಕೇಳೋಕೆ ಸ್ವಲ್ಪ ಕಹಿ. ಕೆಲವು ಸಲ ‘ಓದು ಜಾಸ್ತಿ’ ಅನ್ನೋದರ ಅರ್ಥ ‘ಡಿಗ್ರಿ ಇದೆ, ಕೈ ಇಲ್ಲ’ ಅಂತ. ನಮ್ಮ ಕ್ವಾಲಿಟಿ ಕಂಟ್ರೋಲ್ ಹೆಡ್ ಸಂದರ್ಶನದಲ್ಲಿ ದೊಡ್ಡ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ನೇರವಾಗಿ ಒಂದೇ ಮಾತು: ‘0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್, 250 ಎಂಎಲ್ ಮಾಡಿಕೊಡಿ. ಎಷ್ಟು ತೂಗ್ತೀರಿ?’ ಉತ್ತರ ಒಂದು ಗ್ರಾಂ. ಪಿಯುಸಿಯಲ್ಲಿ ಕಲಿತ ಲೆಕ್ಕ. ಎಂ.ಎಸ್ಸಿ ಮುಗಿಸಿದವರು ಪೆನ್ನು ಹಿಡಿದು ಐದು ನಿಮಿಷ ಕೂತಿದ್ದನ್ನು ನೋಡಿದ್ದೇನೆ. ಆರ್ಗ್ಯಾನಿಕ್ ಸಿಂಥೆಸಿಸ್ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು ಅವರು. ಅಂಥವರಿಗೆ ‘ನಿಮಗೆ ಲೆಕ್ಕ ಬರಲ್ಲ’ ಅಂತ ಮುಖದ ಮೇಲೆ ಯಾರು ಹೇಳುತ್ತಾರೆ? ‘ನಿಮ್ಮ ಓದಿಗೆ ಇದು ಚಿಕ್ಕ ಕೆಲಸ’ ಅಂತ ಹೇಳಿ ಕಳಿಸುತ್ತಿದ್ದೆವು.

ಒಬ್ಬಳು ಹುಡುಗಿ ಬಂದಿದ್ದಳು, ಕೆ.ಆರ್. ಪೇಟೆ ಕಡೆಯವಳು. ಅದೇ ಪ್ರಶ್ನೆ. ‘ಒಂದು ಗ್ರಾಂ ಸರ್’ ಅಂದಳು. ಸ್ವಲ್ಪ ತಡೆದು, ‘ಆದ್ರೆ ಅದು ತೂಗ್ತಾ ಇರೋವಾಗ್ಲೇ ಗಾಳಿಯ ತೇವ ಹೀರುತ್ತೆ. ಪೆಲೆಟ್ಟು ಬೆವರಿದ ಹಾಗಾಗುತ್ತೆ. ಅದಕ್ಕೆ ತೂಕ ನಂಬೋ ಹಾಗಿಲ್ಲ, ಆಮೇಲೆ ಸ್ಟ್ಯಾಂಡರ್ಡೈಸ್ ಮಾಡ್ಲೇಬೇಕು’ ಅಂದಳು. ಸ್ಟ್ಯಾಂಡರ್ಡೈಸ್ ಅಂದರೆ ದ್ರಾವಣದ ನಿಜವಾದ ಬಲ ಎಷ್ಟು ಅಂತ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳೋದು. ಹೆಡ್ ನನ್ನ ಕಡೆ ತಿರುಗಿ ನೋಡಿದರು. ಪೆಲೆಟ್ಟು ಬೆವರೋದು ಪುಸ್ತಕದಲ್ಲಿ ಓದಿದವರ ಮಾತಲ್ಲ, ಕಣ್ಣಾರೆ ನೋಡಿದವರ ಮಾತು. ಅವಳದೂ ಎಂ.ಎಸ್ಸಿನೇ, ಪೋಸ್ಟೂ ಬಿ.ಎಸ್ಸಿದೇ. ನನ್ನ ಮೂರು ವರ್ಷದ ಹಟ ಮುರಿದದ್ದು ಅವತ್ತು. ಹೆಡ್ ಅವಳನ್ನು ಬಿಡಲು ಒಪ್ಪಲಿಲ್ಲ.

ಆದ್ದರಿಂದ ನೀವು ಮೊದಲು ಮಾಡಬೇಕಾದ್ದು ರೆಸ್ಯೂಮೆ ತಿದ್ದೋದಲ್ಲ. ಟೈಟ್ರೇಷನ್, ದ್ರಾವಣ ಮಾಡುವ ಲೆಕ್ಕ, ಪಿಎಚ್ ಮೀಟರಿನ ಕ್ಯಾಲಿಬ್ರೇಷನ್, ಬ್ಯೂರೆಟ್ ಓದುವಾಗ ಕಣ್ಣು ಎಲ್ಲಿರಬೇಕು ಅನ್ನೋದು, ಇವೆಲ್ಲ ಕೈಯಲ್ಲಿದೆಯಾ ನೋಡಿಕೊಳ್ಳಿ. ಎಚ್‌ಪಿಎಲ್‌ಸಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ನೀವೇ ನಡೆಸಿದ್ದೀರೋ, ಡಿಪಾರ್ಟ್‌ಮೆಂಟಿನಲ್ಲಿ ಹತ್ತು ಜನರ ಹಿಂದೆ ನಿಂತು ನೋಡಿದ್ದೀರೋ? ನೋಡಿದ್ದಷ್ಟೇ ಆದರೆ ‘ನೋಡಿದ್ದೇನೆ, ನಡೆಸಿಲ್ಲ’ ಅಂತಲೇ ಹೇಳಿ. ಅದು ಕೇಳೋರಿಗೆ ಖುಷಿ ಕೊಡುತ್ತೆ, ನಿಜವಾಗಲೂ.

ಮೂರನೇ ಕಾರಣ ನಿಮ್ಮ ವಿಷಯದಲ್ಲಿ ಜೋರಾಗಿಯೇ ಇದೆ ಅಂತ ನನ್ನ ಗುಮಾನಿ. ಅದು ನಿಮ್ಮ ವಿಳಾಸ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಅಲ್ಲಿಂದ ನಂಜನಗೂಡಿಗೆ ಇನ್ನೂ 25ರ ಹತ್ತಿರ. ಮೊದಲ ಶಿಫ್ಟು ಬೆಳಗ್ಗೆ ಆರಕ್ಕೆ. ಕಂಪನಿ ಬಸ್ಸು ಸಾಮಾನ್ಯವಾಗಿ ಮೈಸೂರಿನ ಸರ್ಕಲ್ಲುಗಳಲ್ಲಿ ಜನ ಹತ್ತಿಸಿಕೊಳ್ಳುತ್ತೆ, ಮಂಡ್ಯದ ಹಳ್ಳಿಗೆ ಬರಲ್ಲ. ನಿಮ್ಮ ರೆಸ್ಯೂಮೆಯಲ್ಲಿ ಹಳ್ಳಿಯ ಹೆಸರು, ಅಂಚೆ, ತಾಲ್ಲೂಕು ಓದಿದವರು ಮನಸ್ಸಲ್ಲೇ ಲೆಕ್ಕ ಹಾಕುತ್ತಾರೆ. ಈ ಹುಡುಗಿ ಎಷ್ಟು ಹೊತ್ತಿಗೆ ಏಳಬೇಕು? ಮಳೆಗಾಲದಲ್ಲಿ ಏನು ಮಾಡುತ್ತಾಳೆ? ಎರಡನೇ ಶಿಫ್ಟು ಮುಗಿಯೋದು ರಾತ್ರಿ ಹತ್ತಕ್ಕೆ, ಆಮೇಲೆ? ಮದುವೆ ಯಾವಾಗ ಅನ್ನೋ ಲೆಕ್ಕವನ್ನೂ ಕೆಲವರು ಹಾಕುತ್ತಾರೆ. ಕೇಳೋದಿಲ್ಲ, ಕೇಳಬಾರದು ಅಂತ ಗೊತ್ತು. ಹಾಕೋದು ಮಾತ್ರ ಬಿಡಲ್ಲ. ಇಷ್ಟೆಲ್ಲ ಯೋಚಿಸಿ, ಕೊನೆಗೆ ಬಾಯಿಂದ ಬರೋದು ‘ಓದು ಜಾಸ್ತಿ ಆಯ್ತು’.

ಈಗ ನಿಮ್ಮ ಗೆಳತಿಯ ಸಲಹೆ. ಎಂ.ಎಸ್ಸಿ ಬಚ್ಚಿಡಬೇಡಿ.

ಧರ್ಮ ಬೋಧನೆಗೆ ಹೇಳುತ್ತಿಲ್ಲ, ಕಾರಣ ಇದೆ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಒಡಿಶಾದಲ್ಲಿ ಪ್ಯೂನ್ ಹುದ್ದೆಗೆ ಅರ್ಜಿ ಕರೆದಿತ್ತು. ಪಿಯುಸಿ ಪಾಸಾಗಿರಬೇಕು, ಪದವೀಧರರಾಗಿರಬಾರದು ಅಂತ ಜಾಹೀರಾತಿನಲ್ಲೇ ಇತ್ತು. ಒಬ್ಬರು ತಮ್ಮ ಡಿಗ್ರಿ ಮುಚ್ಚಿಟ್ಟು ಅರ್ಜಿ ಹಾಕಿ ಆಯ್ಕೆಯಾದರು. ಆಮೇಲೆ ಗೊತ್ತಾಯ್ತು, ಬ್ಯಾಂಕು ಆಯ್ಕೆ ರದ್ದು ಮಾಡಿತು. ಹೈಕೋರ್ಟಿನಲ್ಲಿ ಅವರಿಗೆ ಗೆಲುವಾದರೂ, 2020ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು. ಗೊತ್ತಿದ್ದೂ ಮುಖ್ಯವಾದ ವಿಷಯ ಮುಚ್ಚಿಟ್ಟವರು ಕೆಲಸದ ಹಕ್ಕು ಕೇಳೋ ಹಾಗಿಲ್ಲ ಅನ್ನೋದು ಅದರ ಸಾರ. ತಮಾಷೆ ಅಂದರೆ ಇದೇ ಸುಪ್ರೀಂ ಕೋರ್ಟು 2000ದಲ್ಲಿ, ನಾಗಪುರದ ಜಿಲ್ಲಾ ನ್ಯಾಯಾಲಯದ ಜವಾನರ ನೇಮಕದ ಪ್ರಕರಣದಲ್ಲಿ, ಹೆಚ್ಚು ಓದಿದ್ದಾರೆ ಅನ್ನೋ ಕಾರಣಕ್ಕೆ ಒಬ್ಬರನ್ನು ಪರಿಗಣಿಸದೇ ಇರೋದು ವಿವೇಕದ ಮಾತಲ್ಲ ಎಂದಿತ್ತು. ಅಂದರೆ ಜಾಸ್ತಿ ಓದು ಎಲ್ಲಾ ಕಡೆ ಮುಳುವಾಗಲ್ಲ, ಮುಚ್ಚಿಟ್ಟದ್ದು ಮಾತ್ರ ಮುಳುವಾಗುತ್ತೆ.

ಖಾಸಗಿ ಕಂಪನಿಯಲ್ಲಿ ಈ ತೀರ್ಪುಗಳು ನೇರವಾಗಿ ನಿಮ್ಮ ಮುಂದೆ ಬರಲ್ಲ. ಆದರೆ ಅಲ್ಲೂ ಸೇರುವ ದಿನ ಒಂದು ಫಾರಂ ಕೊಡುತ್ತಾರೆ. ‘ಮೇಲಿನ ವಿವರ ಸುಳ್ಳಾದರೆ ಕೆಲಸದಿಂದ ತೆಗೆಯಬಹುದು’ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತೆ, ಅದರ ಕೆಳಗೆ ನಿಮ್ಮ ಸಹಿ. ಇನ್ನೊಂದು ಸಾಮಾನ್ಯ ಲೆಕ್ಕ ನೋಡಿ. ಎಂ.ಎಸ್ಸಿ ತೆಗೆದರೆ ರೆಸ್ಯೂಮೆಯಲ್ಲಿ ಎರಡು ವರ್ಷದ ತೂತು ಉಳಿಯುತ್ತೆ. ‘ಡಿಗ್ರಿ ಆದ ಮೇಲೆ ಎರಡು ವರ್ಷ ಏನ್ ಮಾಡ್ತಿದ್ರಿ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಒಂದು ಸುಳ್ಳು ಮುಚ್ಚೋಕೆ ಇನ್ನೊಂದು. ಅದೂ ಮೈಸೂರಿನಂಥ ಊರಲ್ಲಿ, ಲ್ಯಾಬಿನಲ್ಲಿ ಕೂತಿರೋರು ಅರ್ಧ ಜನ ಗಂಗೋತ್ರಿಯಲ್ಲೇ ಓದಿದವರು! ಎರಡೇ ದಿನಕ್ಕೆ ‘ನೀವು ನಮ್ಮ ಜೂನಿಯರ್ ಅಲ್ವಾ?’ ಅಂತ ಕ್ಯಾಂಟೀನಿನಲ್ಲಿ ಯಾರೋ ಮಾತಾಡಿಸುತ್ತಾರೆ.

ಬಚ್ಚಿಡೋದು ಬೇರೆ, ಜಾಗ ಬದಲಿಸೋದು ಬೇರೆ. ಈಗ ನಿಮ್ಮ ರೆಸ್ಯೂಮೆಯ ಮೊದಲ ಸಾಲೇ ಎಂ.ಎಸ್ಸಿ ಇರಬಹುದು, ಎಲ್ಲರದೂ ಹಾಗೇ ಇರುತ್ತೆ. ಅದನ್ನು ಕೆಳಗಿಡಿ. ಮೇಲೆ ನಿಮ್ಮ ಕೈಗೆ ಬರುವ ಕೆಲಸಗಳನ್ನು ಬರೆಯಿರಿ. ಎಂ.ಎಸ್ಸಿ ಪ್ರಾಜೆಕ್ಟಿನಲ್ಲಿ ಮಾಡಿದ್ದನ್ನೂ ಪ್ರಾಜೆಕ್ಟಿನ ಉದ್ದನೆಯ ಹೆಸರು ಬಿಟ್ಟು ಕೆಲಸದ ಹೆಸರಲ್ಲಿ ಬರೆಯಿರಿ: ಯಾವ ಉಪಕರಣ, ಎಷ್ಟು ತಿಂಗಳು, ದಿನಕ್ಕೆ ಎಷ್ಟು ಸ್ಯಾಂಪಲ್. ‘ಕಠಿಣ ಪರಿಶ್ರಮಿ’, ‘ಬೇಗ ಕಲಿಯುವ ಗುಣ’ ಅನ್ನೋ ಸಾಲುಗಳನ್ನು ದಯವಿಟ್ಟು ತೆಗೆದುಬಿಡಿ. 21 ವರ್ಷದಲ್ಲಿ ‘ನಾನು ಸೋಮಾರಿ’ ಅಂತ ಬರೆದ ಒಂದು ರೆಸ್ಯೂಮೆಯನ್ನೂ ನಾನು ನೋಡಲಿಲ್ಲ. ನೋಡಿದ್ದರೆ ಕುತೂಹಲಕ್ಕಾದರೂ ಕರೆಸುತ್ತಿದ್ದೆ.

ಇನ್ನು ಎದುರಿಗೆ ಕೂತಾಗ ಏನು ಹೇಳೋದು? ನಮ್ಮ ಕಡೆಯ ಮಕ್ಕಳು ಹೇಳೋ ಒಂದು ಮಾತಿದೆ: ‘ಯಾವ ಕೆಲಸ ಆದ್ರೂ ಪರವಾಗಿಲ್ಲ ಸರ್, ಮಾಡ್ತೀನಿ.’ ವಿನಯದಿಂದ ಹೇಳುತ್ತಾರೆ. ಕೇಳೋರ ಕಿವಿಗೆ ಅದು ಬೇರೆಯದೇ ಆಗಿ ಬೀಳುತ್ತೆ. ಯಾವ ಕೆಲಸ ಆದರೂ ಪರವಾಗಿಲ್ಲ ಅನ್ನೋರಿಗೆ ಈ ಕೆಲಸವೇ ಬೇಕು ಅಂತೇನಿಲ್ಲ. ನಾಳೆ ಇನ್ನೊಂದು ಸಿಕ್ಕರೆ ಅದೂ ಪರವಾಗಿಲ್ಲ. ಶೂ ಬಿಚ್ಚಿಟ್ಟು ಹೋದ ಹುಡುಗ ಸಂದರ್ಶನದಲ್ಲಿ ಹೇಳಿದ್ದು ಇದೇ ಮಾತು.

ಕೆ.ಆರ್. ಪೇಟೆ ಹುಡುಗಿಗೆ ನಾನು ಕೇಳಿದ್ದೆ, ‘ಇದು ಬಿ.ಎಸ್ಸಿ ಪೋಸ್ಟು, ಸಂಬಳವೂ ಅಷ್ಟೇ. ನೀವು ಯಾಕೆ ಇರ್ತೀರಿ?’ ಅವಳು ಹೇಳಿದಳು: ‘ಸರ್, ಎಂ.ಎಸ್ಸಿ ಪೋಸ್ಟಿಗೆ ಹೋದ್ರೆ ಎರಡು ವರ್ಷ ಅನುಭವ ಕೇಳ್ತಾರೆ. ಆ ಎರಡು ವರ್ಷ ನನಗೆ ಯಾರಾದ್ರೂ ಕೊಡ್ಬೇಕಲ್ಲ. ನೀವು ಕೊಟ್ರೆ ಎರಡು ವರ್ಷ ಇಲ್ಲೇ ಇರ್ತೀನಿ. ಆಮೇಲೆ ಇಲ್ಲೇ ಮೇಲಿನ ಪೋಸ್ಟು ಇದ್ರೆ ಕೇಳ್ತೀನಿ, ಇಲ್ದಿದ್ರೆ ಹೇಳಿ ಹೋಗ್ತೀನಿ.’ ನನಗೆ ಮೊದಲು ಸ್ವಲ್ಪ ಸಿಟ್ಟೇ ಬಂತು, ಎಷ್ಟು ಧೈರ್ಯ ಅಂತ. ರಾತ್ರಿ ಮನೆಗೆ ಹೋಗಿ ಯೋಚಿಸಿದೆ. ಬಿ.ಎಸ್ಸಿ ಮಕ್ಕಳಲ್ಲೂ ಎರಡು ವರ್ಷ ದಾಟೋರು ನಮ್ಮಲ್ಲಿ ಜಾಸ್ತಿ ಇರಲಿಲ್ಲ. ಇವಳು ದಿನದ ಲೆಕ್ಕ ತಾನೇ ಬಾಯಿಬಿಟ್ಟು ಹೇಳಿದ್ದಳು. ಅವಳು ಇದ್ದದ್ದು ನಾಲ್ಕು ವರ್ಷ.

ಅವಳ ಮಾತನ್ನೇ ಹೋಗಿ ಹೇಳಿ ಅಂತ ಅಲ್ಲ. ನಿಮ್ಮದೇ ನಿಜವಾದ ಕಾರಣ ಹುಡುಕಿ, ಅದಕ್ಕೊಂದು ಅವಧಿ ಸೇರಿಸಿ. ಆರು ತಿಂಗಳಿಗಿಂತ ಜಾಸ್ತಿ ಇರಲ್ಲ ಅಂತ ಮನಸ್ಸಲ್ಲಿ ಇದ್ದರೆ, ಎರಡು ವರ್ಷ ಅಂತ ಹೇಳಬೇಡಿ. ನಿಮ್ಮ ಹಿಂದೆ ಬರುವ ಹುಡುಗಿಯರ ಬಾಗಿಲು ನೀವು ಮುಚ್ಚಿದ ಹಾಗಾಗುತ್ತೆ. ನಾನೇ ಮುಚ್ಚಿದವನು, ನನಗೆ ಗೊತ್ತು. ಆದರೆ ಭರವಸೆಗೆ ಅಂತ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಎದ್ದು ಬನ್ನಿ. ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ಕೊಡಬೇಡಿ. ಕೆಲಸ ಕೊಡಿಸೋಕೆ ಮುಂಗಡ ಕೇಳೋ ಏಜೆನ್ಸಿಗಳ ಹತ್ತಿರವಂತೂ ಹೋಗಲೇಬೇಡಿ.

ನೀವೂ ಅವರನ್ನು ಒಂದು ಪ್ರಶ್ನೆ ಕೇಳಬೇಕು: ‘ಈ ಪೋಸ್ಟಿನಲ್ಲಿ ಎರಡು ವರ್ಷದ ಹಿಂದೆ ಸೇರಿದವರು ಈಗ ಏನು ಮಾಡ್ತಿದ್ದಾರೆ?’ ಕೆಳಗಿನ ಕೆಲಸಗಳಲ್ಲಿ ಎರಡು ಜಾತಿ. ಒಂದಕ್ಕೆ ಮೆಟ್ಟಿಲಿದೆ, ಇನ್ನೊಂದಕ್ಕೆ ಇಲ್ಲ. ಔಷಧಿ ಕಂಪನಿಯ ಟ್ರೈನಿ ಕೆಮಿಸ್ಟ್ ಕೆಲಸಕ್ಕೆ ಇದೆ. ಇವತ್ತು ಗಾಜಿನ ಪಾತ್ರೆ ತೊಳೆದರೂ ಎರಡು ವರ್ಷದ ಮೇಲೆ ಅದು ಅನುಭವ ಅಂತ ಲೆಕ್ಕಕ್ಕೆ ಬರುತ್ತೆ. ಕೌಂಟರಲ್ಲಿ ಬಿಲ್ ಹರಿದರೆ ಎರಡು ವರ್ಷ ಆದ ಮೇಲೂ ನೀವು ಬಿಲ್ ಹರಿಯುತ್ತಿರುತ್ತೀರಿ, ರಸಾಯನಶಾಸ್ತ್ರ ಮರೆತಿರುತ್ತೆ. ಆ ಮಾಲೀಕರು ನಕ್ಕಿದ್ದು ಒರಟಾಗಿ ಕಂಡಿರಬಹುದು. ಅವರು ನಿಮಗೆ ಉಪಕಾರವನ್ನೇ ಮಾಡಿದರು ಅನ್ನಿಸುತ್ತೆ ನನಗೆ. ಮನೆಯಲ್ಲಿ ದುಡ್ಡಿಗೆ ತೀರಾ ಕಷ್ಟ ಇದ್ದರೆ ಬೇರೆ ಮಾತು, ಆಗ ಯಾವುದೂ ಚಿಕ್ಕ ಕೆಲಸ ಅಲ್ಲ. ಹೊಟ್ಟೆಪಾಡಿಗೆ ನಿಮ್ಮೂರಲ್ಲೇ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಹೇಳಿ. ಕೌಂಟರಿಗಿಂತ ಜಾಸ್ತಿ ಬಂದರೂ ಬಂದೀತು, ಆ ನಾರ್ಮಾಲಿಟಿ ಲೆಕ್ಕಗಳೂ ಕೈತಪ್ಪಲ್ಲ.

ಹತ್ತು ತಿಂಗಳು ಆಯ್ತು ಅಂತ ಕುಗ್ಗಿದ್ದೀರಿ ಅಂತ ಕಾಣುತ್ತೆ. ‘ಓದಿ ಓದಿ ಮರುಳಾದ ಕೂಚು ಭಟ್ಟ’ ಅಂತ ಊರಲ್ಲಿ ಯಾರಾದರೂ ಒಬ್ಬರು ಅಂದಿರಲೇಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಒಂದು ವರದಿ ತಂದಿತು. ಅದರ ಪ್ರಕಾರ ಕೆಲಸ ಮಾಡುತ್ತಿರುವ ಇಲ್ಲವೇ ಹುಡುಕುತ್ತಿರುವ 25 ವರ್ಷದ ಒಳಗಿನ ಪದವೀಧರರಲ್ಲಿ ನೂರಕ್ಕೆ 42 ಮಂದಿಗೆ ಕೆಲಸ ಇರಲಿಲ್ಲ. ಅದೇ 35 ದಾಟಿದ ಪದವೀಧರರಲ್ಲಿ ಕೆಲಸ ಇಲ್ಲದವರು ನೂರಕ್ಕೆ 5ಕ್ಕಿಂತ ಕಮ್ಮಿ. ಅಂದರೆ ನಿಮ್ಮ ವಯಸ್ಸಿನವರ ಕಥೆ ಎಲ್ಲಾ ಕಡೆ ಇಷ್ಟೇ, ಬರೀ ನಿಮ್ಮ ಮನೆಯದ್ದಲ್ಲ. ಆದರೆ ಕೊನೆಗೆ ಎಲ್ಲರಿಗೂ ಕೆಲಸ ಸಿಗುತ್ತೆ ಅಂತ ಇದನ್ನು ಓದಿ ಸಮಾಧಾನ ಮಾಡಿಕೊಂಡು ಕೂರಬೇಡಿ. ಓದಿಗೆ ತಕ್ಕ ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ, ಸೋತು ಸಿಕ್ಕಿದ್ದನ್ನು ಹಿಡಿದವರು ಎಷ್ಟು ಜನ ಅನ್ನೋದು ಆ 5ರ ಲೆಕ್ಕದಲ್ಲಿ ಕಾಣಲ್ಲ.

ಎಂ.ಎಸ್ಸಿಗೆ ನೇರವಾಗಿ ಬೆಲೆ ಇರುವ ಬಾಗಿಲುಗಳನ್ನೂ ತಟ್ಟುತ್ತಿರಿ. ಮೈಸೂರಿನ ಸಿಎಫ್‌ಟಿಆರ್‌ಐಯಂಥ ಸಂಶೋಧನಾ ಸಂಸ್ಥೆಗಳಲ್ಲಿ, ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಆಗಾಗ ಪ್ರಾಜೆಕ್ಟ್ ಕೆಲಸಕ್ಕೆ ಕರೆಯುತ್ತಾರೆ. ತಾತ್ಕಾಲಿಕ ಕೆಲಸ, ನಿಜ. ಅಲ್ಲಿ ಮಾತ್ರ ನಿಮ್ಮ ಓದು ಜಾಸ್ತಿ ಆಯ್ತು ಅಂತ ಯಾರೂ ಹೇಳಲ್ಲ, ಸಾಲದು ಅಂತ ಬೇಕಾದರೆ ಹೇಳಿಯಾರು! ಸಿಎಸ್‌ಐಆರ್‌ನವರ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಇದೆ. ಅಷ್ಟು ಸಂಬಳ ನಂಜನಗೂಡಿನಲ್ಲಿ ಹೊಸಬರಿಗೆ ಕೊಟ್ಟಿದ್ದನ್ನು ನಾನು ನೋಡಿಲ್ಲ.

ಸರ್ಕಾರಿ ಪರೀಕ್ಷೆಗಳ ಕಥೆ ಪೂರ್ತಿ ಉಲ್ಟಾ. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಕರೆದಾಗ ಕೇಳಿದ್ದು ಪಿಯುಸಿ. ಎಂಜಿನಿಯರ್‌ಗಳೂ ಬರೆದರು, ಎಂ.ಎ., ಎಂ.ಕಾಂ. ಮಾಡಿದವರೂ ಬರೆದರು. ಓಎಂಆರ್ ಹಾಳೆಗೆ ನಿಮ್ಮ ಡಿಗ್ರಿ ಕಾಣಲ್ಲ, ನೀವು ಬಿಟ್ಟು ಹೋಗುತ್ತೀರಿ ಅನ್ನೋ ಭಯವೂ ಅದಕ್ಕಿಲ್ಲ. ಬರೆಯಿರಿ, ಬೇಡ ಅನ್ನಲ್ಲ. ಅದನ್ನೇ ನಂಬಿ ಮೂರು ವರ್ಷ ಲೈಬ್ರರಿಯಲ್ಲಿ ಕೂರಬೇಡಿ. ಮೂರು ವರ್ಷದ ಖಾಲಿ ಜಾಗ ರೆಸ್ಯೂಮೆಯಲ್ಲಿ ಬಂದರೆ ಆಗ ‘ಓದು ಜಾಸ್ತಿ’ ಅನ್ನೋ ಮಾತಿಗಿಂತ ಕೆಟ್ಟದ್ದು ಕೇಳಬೇಕಾಗುತ್ತೆ.

ಅಮ್ಮನ ಮಾತು: ಬಿ.ಎಡ್ ಎರಡು ವರ್ಷದ ಕೋರ್ಸು. ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕರಾಗೋಕೆ ಎಂ.ಎಸ್ಸಿ ಜೊತೆ ಬಿ.ಎಡ್ ಕೇಳುತ್ತಾರೆ, ಆದ್ದರಿಂದ ಅಮ್ಮ ಹೇಳೋದು ತಪ್ಪಲ್ಲ. ಡಿಗ್ರಿ ಕಾಲೇಜಿಗೆ ಬಿ.ಎಡ್ ಬೇಡ, ನೆಟ್ ಅಥವಾ ಕೆ-ಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಪಾಠ ಮಾಡೋದು ನಿಮಗೆ ಇಷ್ಟ ಇದ್ದರೆ ಸೇರಿ. ಕೆಲಸ ಸಿಗಲಿಲ್ಲ ಅಂತ ಸುಮ್ನೆ ಇನ್ನೊಂದು ಡಿಗ್ರಿ ಸೇರಬೇಡಿ. ಓದು ಜಾಸ್ತಿ ಆಯ್ತು ಅಂದವರಿಗೆ ಇನ್ನೂ ಎರಡು ವರ್ಷ ಓದಿ ಉತ್ತರ ಕೊಡೋದು ಎಂಥ ಉಪಾಯ? ಟ್ಯೂಷನ್ ಹೇಳೋಕೆ ಶುರು ಮಾಡಿದರೆ ಮೂರು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತೆ, ಇಷ್ಟ ಇದೆಯೋ ಇಲ್ಲವೋ ಅಂತ.

ಕೊನೆಯದಾಗಿ, ನೀವು ನಂಜನಗೂಡಿನ ತನಕ ಹೋಗಿ ಬಂದಿರಿ, ಪಕ್ಕದ್ದನ್ನು ಯಾಕೆ ಬಿಟ್ಟಿರಿ? ನಿಮ್ಮ ಜಿಲ್ಲೆಯಲ್ಲೇ ಸಕ್ಕರೆ ಕಾರ್ಖಾನೆಗಳಿವೆ. ಪ್ರತಿ ಕಾರ್ಖಾನೆಗೂ ಒಂದು ಲ್ಯಾಬ್ ಇರುತ್ತೆ. ಕಬ್ಬು ನುರಿಸುವ ಅಷ್ಟೂ ದಿನ ಹಗಲೂ ರಾತ್ರಿ ಅಲ್ಲಿ ಕೆಮಿಸ್ಟ್‌ಗಳು ಬೇಕು. ರಸದ ಬ್ರಿಕ್ಸ್ (ಕರಗಿರುವ ಒಟ್ಟು ಅಂಶ) ನೋಡಬೇಕು, ಪೋಲ್ (ಅದರಲ್ಲಿರುವ ಸಕ್ಕರೆ) ನೋಡಬೇಕು, ಪ್ಯೂರಿಟಿ ಲೆಕ್ಕ ಹಾಕಬೇಕು, ಮೊಲಾಸಸ್ಸಿನಲ್ಲಿ ಎಷ್ಟು ಸಕ್ಕರೆ ಪೋಲಾಯ್ತು ಅಂತ ಹೇಳಬೇಕು. ಈ ಲೆಕ್ಕ ನಿಮಗೆ ಹೊಸದಲ್ಲ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಕ್ವಿಂಟಲ್‌ಗೆ 340 ರೂಪಾಯಿ ದರ ಕಟ್ಟಿತ್ತು. ಅದು ನೂರಕ್ಕೆ 10.25 ಸಕ್ಕರೆ ಇಳುವರಿ ಬಂದರೆ. ಇಳುವರಿ ಏರಿದರೆ ದರವೂ ಏರುತ್ತೆ. ನಿಮ್ಮಪ್ಪ ಮತ್ತು ಅವರ ಸ್ನೇಹಿತರು ‘ಇಳುವರಿ ಕಮ್ಮಿ ತೋರಿಸ್ತಾರೆ’ ಅಂತ ಅರಳಿಕಟ್ಟೆಯಲ್ಲಿ ಬೈಯೋದನ್ನು ಚಿಕ್ಕಂದಿನಿಂದ ಕೇಳಿರುತ್ತೀರಿ, ಅಲ್ವಾ? ಆ ಇಳುವರಿಯ ಅಂಕಿ ಹುಟ್ಟೋದು ಈ ಲ್ಯಾಬಿನಲ್ಲೇ. ಕಬ್ಬು ಬೆಳೆಯೋರ ಮಗಳು ಅಲ್ಲಿ ಕೂತು ‘ನನಗೆ ಈ ಅಂಕಿಯ ಎರಡೂ ಕಡೆ ಗೊತ್ತು ಸರ್’ ಅಂದರೆ, ಎಂ.ಎಸ್ಸಿ ಜಾಸ್ತಿ ಆಯ್ತು ಅನ್ನೋಕೆ ಅವರು ಎರಡು ಸಲ ಯೋಚಿಸುತ್ತಾರೆ.

ಹಂಗಾಮಿನ ಕೆಲಸ, ವರ್ಷ ಪೂರ್ತಿ ಇಲ್ಲದೇ ಇರಬಹುದು. ಸಂಬಳವೂ ದೊಡ್ಡದಲ್ಲ. ಒಂದು ಹಂಗಾಮು ಮಾಡಿದರೆ ಶಿಫ್ಟಿನಲ್ಲಿ ಲ್ಯಾಬ್ ಕೆಲಸ ಮಾಡಿದ್ದೇನೆ ಅಂತ ಬರೆಯಬಹುದು. ನುರಿಸೋದು ಶುರುವಾದ ಮೇಲೆ ಹೋದರೆ ಮಾತಾಡಿಸೋಕೂ ಯಾರಿಗೂ ಪುರುಸೊತ್ತಿರಲ್ಲ, ಅದಕ್ಕೆ ಮೊದಲೇ ಹೋಗಿ. ಗೇಟಲ್ಲಿ ರೆಸ್ಯೂಮೆ ಕೊಟ್ಟು ಬರಬೇಡಿ, ಚೀಫ್ ಕೆಮಿಸ್ಟ್ ಅವರನ್ನು ನೋಡಬೇಕು ಅಂತ ಹೇಳಿ ಕಾಯಿರಿ. ನಂಜನಗೂಡಿಗೆ ಮತ್ತೆ ಅರ್ಜಿ ಹಾಕುವಾಗ ಹಳ್ಳಿಯ ವಿಳಾಸದ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ಕೆಲಸ ಸಿಕ್ಕರೆ ಮೈಸೂರಿನಲ್ಲಿ ಪಿಜಿಯಲ್ಲಿ ಇರುತ್ತೇನೆ, ಮೂರೂ ಶಿಫ್ಟಿಗೆ ಒಪ್ಪಿಗೆ ಇದೆ.’ ಬರೆಯೋ ಮುಂಚೆ ಮನೆಯಲ್ಲಿ ಕೇಳಿ. ಮೂರನೇ ಶಿಫ್ಟಿಗೆ ಅಪ್ಪ ಒಪ್ಪದಿದ್ದರೆ ‘ಎರಡು ಶಿಫ್ಟಿಗೆ’ ಅಂತಲೇ ಬರೆಯಿರಿ.